ತೀರ್ಪು ಮೊದಲೇ ಬರೆದಿಟ್ಟಿದ್ದರೆ ವಕೀಲರು ಏಕೆ ನಿಲ್ಲಬೇಕು?

ಪ್ರಶ್ನೆ: ನಾನು ಶಹಾಪುರದ ನ್ಯಾಯಾಲಯದಲ್ಲಿ ಮೂರು ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಇರಾನ್, ಚೀನಾ, ರಷ್ಯಾದಂಥ ದೇಶಗಳಲ್ಲಿ ಸರ್ಕಾರದ ವಿರೋಧಿಗಳ ಪರ ವಾದಿಸಿದ ವಕೀಲರನ್ನೇ ಜೈಲಿಗೆ ಹಾಕಿದ ಸುದ್ದಿ ಆಗಾಗ ಓದುತ್ತೇನೆ. ತೀರ್ಪು ಏನೆಂದು ಮೊದಲೇ ನಿಶ್ಚಯವಾಗಿರುವ ಕಡೆ ವಕೀಲರು ಕರಿ ಕೋಟು ಹಾಕಿಕೊಂಡು ಹೋಗಿ ನಿಂತರೆ, ಆ ನಾಟಕದಲ್ಲಿ ತಾವೂ ಒಂದು ಪಾತ್ರ ವಹಿಸಿದಂತೆ ಆಗುವುದಿಲ್ಲವೇ? ಇನ್ನೊಂದು ಮಾತು: ಇದೆಲ್ಲ ದೊಡ್ಡ ಊರಿನ ದೊಡ್ಡ ವಕೀಲರಿಗೆ ಸೇರಿದ ವಿಷಯ. ಕಳವು, ಜಗಳ, ಹೊಲದ ತಕರಾರಿನ ಕೇಸು ನಡೆಸುವ ನನ್ನಂಥವರು ಇದರಲ್ಲಿ ಮಾಡುವುದಾದರೂ ಏನಿದೆ?
(ಯುವ ವಕೀಲೆ, ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಹಿಡಿಸಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲನೆಯದಕ್ಕೆ ನನ್ನ ಉತ್ತರ ಇಷ್ಟು: ಅಂಥ ನ್ಯಾಯಾಲಯದಲ್ಲಿ ವಕೀಲರು ನಿಲ್ಲುವುದು ಬರೆಸುವುದಕ್ಕೆ. ಕಕ್ಷಿದಾರನನ್ನು ಯಾವಾಗ ಹಿಡಿದರು, ಯಾರು ಹಿಡಿದರು, ಆಪಾದನೆ ಏನು, ಸಾಕ್ಷಿ ಹೇಳಿದವರು ಯಾರು, ಅವರಿಗೆ ಪಾಟೀಸವಾಲು ಹಾಕಲು ಬಿಟ್ಟರೋ ಇಲ್ಲವೋ, ಇಷ್ಟನ್ನು ನ್ಯಾಯಾಲಯದ ಕಡತದಲ್ಲಿ ನ್ಯಾಯಾಧೀಶರ ಕೈಯಿಂದಲೇ ಬರೆಸಿಡುವುದು. ತೀರ್ಪು ಸರ್ಕಾರ ಬಯಸಿದಂತೆ ಬರಬಹುದು. ಆದರೆ ಕಡತದಲ್ಲಿ ಎರಡೂ ಕಡೆಯವರ ಮಾತು ಉಳಿಯುತ್ತದೆ, ಅದನ್ನು ಓದುವವರು ಮುಂದೆ ಎಂದಾದರೂ ಬರುತ್ತಾರೆ. ಕಲಬುರಗಿಯ ಕ್ರಿಮಿನಲ್ ಕೋರ್ಟುಗಳಲ್ಲಿ ಮೂವತ್ತೈದು ವರ್ಷ ಚಪ್ಪಲಿ ಸವೆಸಿದ ಮೇಲೆ ನನ್ನಲ್ಲಿ ಉಳಿದಿರುವ ನಂಬಿಕೆ ಇದೊಂದೇ. ಆದರ್ಶದ ಮಾತು ಎಂದುಕೊಳ್ಳಬೇಡಿ, ಕಸುಬು ಕಲಿಸಿದ್ದು.

ಕಲಬುರಗಿಯಿಂದ ಶಹಾಬಾದ್ ಕಡೆಗೆ ಹೋಗುವಾಗ ಮರತೂರು ಸಿಗುತ್ತದೆ. ಅದು ವಿಜ್ಞಾನೇಶ್ವರನ ಊರು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿದ್ದುಕೊಂಡು, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದವನು ಅವನು. ವಕೀಲರಿಗೆ ಅವನ ಪರಿಚಯ ಅಣ್ಣತಮ್ಮಂದಿರ ಪಾಲಿನ ದಾವೆಗಳಿಂದ. ನನಗೆ ಹೆಚ್ಚು ಬೇಕಾದದ್ದು ಅವನು ವ್ಯಾಖ್ಯಾನಿಸಿದ ವ್ಯವಹಾರಾಧ್ಯಾಯದ, ಅಂದರೆ ವ್ಯಾಜ್ಯಗಳ ಅಧ್ಯಾಯದ, ಮೊದಲ ಕೆಲವು ಶ್ಲೋಕಗಳು. ರಾಜನಾದವನು ಕೋಪ ಲೋಭಗಳನ್ನು ಬಿಟ್ಟು, ತಿಳಿದವರ ಜೊತೆ ಕುಳಿತು ವ್ಯಾಜ್ಯ ನೋಡಬೇಕು. ದೂರು ತಂದವನು ಹೇಳಿದ್ದನ್ನು, ಹೇಳಿದ ಹಾಗೆಯೇ, ಎದುರು ಕಕ್ಷಿಯ ಸಮ್ಮುಖದಲ್ಲಿ ಬರೆದುಕೊಳ್ಳಬೇಕು. ಅದನ್ನು ಕೇಳಿಸಿಕೊಂಡವನ ಉತ್ತರವನ್ನು ದೂರುದಾರನ ಸಮ್ಮುಖದಲ್ಲಿ ಬರೆದುಕೊಳ್ಳಬೇಕು. ಆಮೇಲೆ ಸಾಕ್ಷ್ಯ, ಆಮೇಲೆ ನಿರ್ಣಯ. ಅದೇ ಗ್ರಂಥ ವರ್ಣ ನೋಡಿ ಶಿಕ್ಷೆಯನ್ನು ಹೆಚ್ಚುಕಡಿಮೆ ಮಾಡುತ್ತದೆ ಎಂಬುದನ್ನು ಮುಚ್ಚಿಟ್ಟು ಹಾಡಿ ಹೊಗಳುವುದು ನನ್ನಿಂದಾಗದು. ಆದರೂ ‘ಎದುರಿನಲ್ಲಿ ಬರೆಯಬೇಕು’ ಎಂಬ ಆ ಒಂದು ಮಾತಿಗಾಗಿ ನಾನು ಮರತೂರಿನ ಕಡೆ ತಲೆಬಾಗುತ್ತೇನೆ.

ಆ ಕಲ್ಯಾಣವೇ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಿತಾಕ್ಷರ ಹುಟ್ಟಿ ಅರ್ಧ ಶತಮಾನ ಕಳೆದಿರಬಹುದು, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳ ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆ ವಿಧಿಸಿದ, ಆನೆಯ ಕಾಲಿಗೆ ಕಟ್ಟಿ ಎಳೆಸಿದ ಎಂದು ಶರಣ ಪರಂಪರೆ ಹೇಳುತ್ತದೆ. ಚಿಕ್ಕಂದಿನಿಂದ ನಾನು ಕೇಳಿದ ಆ ಕಥೆಯಲ್ಲಿ ದೂರು ಇದೆ, ಅರಸನ ಕೋಪ ಇದೆ, ಶಿಕ್ಷೆ ಇದೆ. ಹರಳಯ್ಯ ಕೊಟ್ಟ ಉತ್ತರವನ್ನು ಯಾರೋ ಬರೆದುಕೊಂಡರು ಎಂಬ ಮಾತು ಮಾತ್ರ ಇಲ್ಲ. ಕೋಪ ಬಿಟ್ಟು ನ್ಯಾಯ ನೋಡು ಎಂದು ಅರಸನಿಗೆ ಹೇಳಿದ ಪುಸ್ತಕ ಅದೇ ಊರಿನಲ್ಲಿತ್ತು. ಕಾನೂನು ಇರುವುದು ಬೇರೆ, ಕಾನೂನು ಆಳುವುದು ಬೇರೆ ಎಂದು ವಿದ್ಯಾರ್ಥಿಗಳಿಗೆ ಹೇಳಬೇಕಾದಾಗ ನಾನು ಲಂಡನ್ನಿಗೆ ಹೋಗುವುದಿಲ್ಲ, ಬಸವಕಲ್ಯಾಣಕ್ಕೆ ಹೋಗುತ್ತೇನೆ.

ಈಗಿನ ದಬ್ಬಾಳಿಕೆಯ ಸರ್ಕಾರಗಳು ಆನೆ ತರಿಸುವುದಿಲ್ಲ. ಕೋರ್ಟಿಗೆ ಬೀಗ ಜಡಿಯುವುದೂ ಅಪರೂಪ. ಚೆಕ್ ಬೌನ್ಸ್, ವಿಚ್ಛೇದನ, ಬಾಡಿಗೆ ಮನೆಯ ವ್ಯಾಜ್ಯ ಎಲ್ಲ ಎಂದಿನಂತೆ ನಡೆಯುತ್ತಿರುತ್ತವೆ, ಅವುಗಳಲ್ಲಿ ನ್ಯಾಯವೂ ಸಿಗಬಹುದು. ಒಂದು ಬಗೆಯ ಕೇಸುಗಳನ್ನು ಮಾತ್ರ ಪಕ್ಕದ ಕೋಣೆಗೆ ಒಯ್ಯುತ್ತಾರೆ. ಜರ್ಮನಿಯಲ್ಲಿ ಆದದ್ದು ಹೀಗೆಯೇ. 1933ರಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಪ್ರಕರಣದಲ್ಲಿ ಲೈಪ್‌ಜಿಗ್‌ನ ನ್ಯಾಯಾಲಯ ಒಬ್ಬನಿಗೆ ಮರಣದಂಡನೆ ವಿಧಿಸಿ, ಬಲ್ಗೇರಿಯದ ಡಿಮಿಟ್ರೋವ್ ಸೇರಿ ಉಳಿದ ನಾಲ್ವರನ್ನು ಬಿಟ್ಟುಬಿಟ್ಟಿತು. ಹಿಟ್ಲರ್‌ಗೆ ಇದನ್ನು ಸಹಿಸಲಾಗಲಿಲ್ಲ. ಮರುವರ್ಷವೇ ದೇಶದ್ರೋಹದ ಪ್ರಕರಣಗಳಿಗೆಂದು ‘ಜನತಾ ನ್ಯಾಯಾಲಯ’ ಎಂಬ ಪ್ರತ್ಯೇಕ ಕೋರ್ಟು ಹುಟ್ಟಿತು. ಹೆಸರು ನೋಡಿ ಎಷ್ಟು ಚೆಂದ.

ಅದಕ್ಕೂ ಮೊದಲು ಕೈ ಹೋದದ್ದು ವಕೀಲರ ಕೊರಳಿಗೆ. ಹಾನ್ಸ್ ಲಿಟ್ಟೆನ್ ಎಂಬ ಬರ್ಲಿನ್ ವಕೀಲ 1931ರ ಮೇ ತಿಂಗಳಲ್ಲಿ, ನಾಜಿ ಪಡೆಯವರು ಒಂದು ನೃತ್ಯಶಾಲೆಯ ಮೇಲೆ ನಡೆಸಿದ ದಾಳಿಯ ಪ್ರಕರಣದಲ್ಲಿ, ಹಿಟ್ಲರ್‌ನನ್ನು ಸಾಕ್ಷಿಯಾಗಿ ಕರೆಸಿ ಗಂಟೆಗಟ್ಟಲೆ ಪಾಟೀಸವಾಲು ಹಾಕಿದ್ದ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1933ರ ಫೆಬ್ರುವರಿಯಲ್ಲಿ ಸಂಸತ್ ಭವನ ಉರಿದ ರಾತ್ರಿಯೇ ಅವನನ್ನು ಎತ್ತಿಕೊಂಡು ಹೋದರು. 1938ರಲ್ಲಿ ಡಖಾವು ಶಿಬಿರದಲ್ಲಿ ಸತ್ತ. ಪಾಟೀಸವಾಲನ್ನು ಕ್ಷಮಿಸದ ಸಾಕ್ಷಿಗಳನ್ನು ನಾನೂ ನೋಡಿದ್ದೇನೆ, ಆದರೆ ಇದು ಬೇರೆಯೇ ಮಟ್ಟ.

ನೀವು ಹೆಸರಿಸಿದ ದೇಶಗಳಲ್ಲಿಯೂ ಕೆಲಸ ಇದೇ ಕ್ರಮದಲ್ಲಿ ನಡೆಯುತ್ತದೆ. ಇರಾನಿನಲ್ಲಿ 2018ರಲ್ಲಿ ರಾಷ್ಟ್ರೀಯ ಭದ್ರತೆಯ ಪ್ರಕರಣಗಳಿಗೆ ತನಿಖೆಯ ಹಂತದಲ್ಲಿ ಯಾರು ವಕೀಲರಾಗಬಹುದು ಎಂದು ಪಟ್ಟಿ ಬಿಡುಗಡೆ ಮಾಡಿದರು. ಇಡೀ ತೆಹರಾನಿಗೆ ಇಪ್ಪತ್ತು ಹೆಸರು. ಆ ಪಟ್ಟಿಯನ್ನು ವಿರೋಧಿಸಿದವರಲ್ಲಿ ಒಬ್ಬರಾದ ವಕೀಲೆ ನಸ್ರೀನ್ ಸೊತೂದೆ ಜೈಲಿಗೆ ಹೋದರು. ಚೀನಾದಲ್ಲಿ 2015ರ ಜುಲೈ 9ರಿಂದ ಶುರುವಾದ ಕಾರ್ಯಾಚರಣೆಯಲ್ಲಿ ಮುನ್ನೂರಕ್ಕೂ ಹೆಚ್ಚು ವಕೀಲರು ಮತ್ತು ಅವರ ಜೊತೆಗಾರರನ್ನು ಕರೆದೊಯ್ದು ವಿಚಾರಿಸಿದರು ಅಥವಾ ಬಂಧಿಸಿದರು. ಅವರಲ್ಲೊಬ್ಬರಾದ ವಾಂಗ್ ಚುವಾನ್‌ಝಾಂಗ್ ಮೂರು ವರ್ಷಕ್ಕೂ ಹೆಚ್ಚು ಕಾಲ ಮನೆಯವರ ಮುಖ ಕಾಣಲಿಲ್ಲ. ಅವರ ಹೆಂಡತಿ ಮತ್ತು ಮೂವರು ಗೆಳತಿಯರು 2018ರ ಡಿಸೆಂಬರ್‌ನಲ್ಲಿ ಎಲ್ಲರ ಎದುರಿನಲ್ಲಿ ತಲೆ ಬೋಳಿಸಿಕೊಂಡರು. ಚೀನೀ ಭಾಷೆಯಲ್ಲಿ ‘ಕೂದಲಿಲ್ಲದ’ ಮತ್ತು ‘ಕಾನೂನಿಲ್ಲದ’ ಎಂಬ ಪದಗಳು ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವಂತೆ. ನಾವು ಕೂದಲಿಲ್ಲದೆ ಇರಬಲ್ಲೆವು, ನೀವು ಕಾನೂನಿಲ್ಲದೆ ಇರುವಂತಿಲ್ಲ ಎಂಬುದು ಆ ಬೋಳು ತಲೆಗಳ ಅರ್ಥ. ರಷ್ಯಾದಲ್ಲಿ 2025ರ ಜನವರಿಯಲ್ಲಿ ವಿರೋಧಿ ನಾಯಕ ನವಾಲ್ನಿಯ ಮೂವರು ವಕೀಲರಿಗೆ ಜೈಲು ಶಿಕ್ಷೆಯಾಯಿತು. ಕಕ್ಷಿದಾರನ ಪತ್ರಗಳನ್ನು ಜೈಲಿನಿಂದ ಹೊರಗೆ ತಲುಪಿಸಿದ್ದೇ ಅವರ ಅಪರಾಧ.

ಎಲ್ಲ ಕಡೆಯೂ ಹೊಡೆತ ಬೀಳುವುದು ಕಾಗದದ ದಾರಿಯ ಮೇಲೆ. ಹೊರಗಿನಿಂದ ಒಳಗೆ ಹೋಗುವ ಕಾಗದ, ಒಳಗಿನಿಂದ ಹೊರಗೆ ಬರುವ ಕಾಗದ. ವಕೀಲರೆಂದರೆ ಆ ಕಾಗದ ಹೊತ್ತು ತಿರುಗುವ ಮನುಷ್ಯ ಎಂಬುದು ಸರ್ಕಾರಗಳಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ನಿಂತರೂ ಏನೂ ಆಗದು ಎನ್ನುವ ಹಾಗಿದ್ದರೆ ಅವರನ್ನು ಒಳಗೆ ಹಾಕುವ ಶ್ರಮವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ನು ನಾಟಕದ ಮಾತು. ನಿಮ್ಮ ಅಳುಕು ಸುಳ್ಳಲ್ಲ. ನ್ಯಾಯಾಧೀಶನೇ ಆರೋಪಿಯ ಮೇಲೆ ಕೂಗಾಡಿ, ವಕೀಲ ಬಾಯಿ ತೆರೆದರೆ ಗದರಿಸಿ, ಒಂದು ದಿನದಲ್ಲಿ ಗಲ್ಲಿಗೆ ಕಳುಹಿಸುವ ಕಡೆ, ಹಿಟ್ಲರನ ಜನತಾ ನ್ಯಾಯಾಲಯ ಕೊನೆಯ ವರ್ಷಗಳಲ್ಲಿ ಹಾಗೆಯೇ ಇತ್ತು, ವಕೀಲರು ಎದ್ದು ಹೊರಗೆ ಬರುವುದೇ ಮರ್ಯಾದೆ ಎನಿಸಬಹುದು. ಆದರೆ ಆ ತೀರ್ಮಾನ ಕಕ್ಷಿದಾರನದು. ನನ್ನ ಆತ್ಮಗೌರವಕ್ಕಾಗಿ ಅವನನ್ನು ಕಟಕಟೆಯಲ್ಲಿ ಒಬ್ಬನೇ ಬಿಟ್ಟು ಬರುವ ಹಕ್ಕು ನನಗಿಲ್ಲ. ಅಲ್ಲದೆ, ಕೆಟ್ಟ ಕೋರ್ಟುಗಳೆಲ್ಲ ಒಂದೇ ಪ್ರಮಾಣದಲ್ಲಿ ಕೆಟ್ಟಿರುವುದಿಲ್ಲ. ದಕ್ಷಿಣ ಆಫ್ರಿಕದ ರಿವೋನಿಯಾ ವಿಚಾರಣೆಯನ್ನೇ ತೆಗೆದುಕೊಳ್ಳಿ. ಮಂಡೇಲಾ ಮತ್ತು ಜೊತೆಗಾರರ ಮೇಲಿನ ಮೊದಲ ದೋಷಾರೋಪ ಪಟ್ಟಿ ಅಸ್ಪಷ್ಟವಾಗಿದೆ ಎಂದು ಬ್ರಾಮ್ ಫಿಷರ್ ನೇತೃತ್ವದ ವಕೀಲರು ವಾದಿಸಿದರು. 1963ರ ಅಕ್ಟೋಬರ್‌ನಲ್ಲಿ, ವರ್ಣಭೇದದ ಆಡಳಿತದ ನ್ಯಾಯಾಲಯದಲ್ಲಿ ಕುಳಿತ ನ್ಯಾಯಾಧೀಶನೇ ಆ ಪಟ್ಟಿಯನ್ನು ರದ್ದು ಮಾಡಿದ. ಸರ್ಕಾರ ಹೊಸದಾಗಿ ಬರೆದು ತರಬೇಕಾಯಿತು. ಎಂಟು ತಿಂಗಳ ನಂತರ ಬಂದದ್ದು ಜೀವಾವಧಿ ಶಿಕ್ಷೆ. ಗಲ್ಲು ಎಂದೇ ಎಲ್ಲರೂ ಹೆದರಿದ್ದರು. ಮುಂದೆ ಫಿಷರ್ ಅವರೇ ಕಟಕಟೆ ಹತ್ತಿ 1966ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದರು ಎಂಬುದನ್ನೂ ಹೇಳಿಬಿಡಬೇಕು. ಈ ಕಸುಬಿಗೆ ಬೆಲೆ ಇದೆ.

ನಮ್ಮ ಮನೆಯ ಕಥೆಗೆ ಬರೋಣ. ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಹಾರಿಸಿ, ನಿಜಾಮನ ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಿಂದ 1948ರಲ್ಲಿ ಆದ ವಿಮೋಚನೆಯನ್ನು ನೆನೆಯುತ್ತೇವೆ. ನಿಜಾಮನ ಪರ ಆಯುಧ ಹಿಡಿದಿದ್ದ ರಜಾಕಾರರ ಹಾವಳಿ, ಹೈದರಾಬಾದಿನಲ್ಲಿ ಪತ್ರಕರ್ತ ಶೋಯೆಬುಲ್ಲಾ ಖಾನ್ ಕೊಲೆ, ಇವೆಲ್ಲ ಭಾಷಣಗಳಲ್ಲಿ ಬರುತ್ತವೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ವಿಶೇಷ ನ್ಯಾಯಮಂಡಳಿಗಳು ರಚನೆಯಾದವು. ರಜಾಕಾರರ ನಾಯಕ ಕಾಸಿಂ ರಜ್ವಿಯನ್ನೂ ಅಲ್ಲಿಯೇ ವಿಚಾರಿಸಿದರು, ತೆಲಂಗಾಣದ ಹೋರಾಟದಲ್ಲಿ ಹಿಡಿದ ಕಮ್ಯುನಿಸ್ಟರನ್ನೂ ಅಂಥವುಗಳಲ್ಲಿಯೇ ವಿಚಾರಿಸಿದರು.

ರಜ್ವಿ ತನ್ನ ವಿಚಾರಣೆಯ ಕ್ರಮವೇ ಸರಿಯಿಲ್ಲ, ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟಿಗೆ ಹೋದ. 1953ರಲ್ಲಿ ಬಹುಮತದ ತೀರ್ಪು ಅವನ ವಿರುದ್ಧ ಬಂತು, ಆದರೆ ಪೀಠ ಒಡೆದಿತ್ತು. ಯೋಚಿಸಿ: ನಮ್ಮ ಹಿರಿಯರ ಮನೆಗಳಿಗೆ ಬೆಂಕಿ ಇಟ್ಟ ಪಡೆಯ ನಾಯಕ, ಅವನ ಪರವಾಗಿಯೂ ಒಬ್ಬ ವಕೀಲ ನಿಂತು ಸಮಾನತೆಯ ಮಾತಾಡಿದ, ನ್ಯಾಯಮೂರ್ತಿಗಳು ಕೂತು ಕೇಳಿದರು. ಅವನು ಶಿಕ್ಷೆ ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ಇದನ್ನು ಹೇಳಿದರೆ ಇಂದಿಗೂ ನಮ್ಮ ಕೆಲವು ಹಿರಿಯರಿಗೆ ಸಿಟ್ಟು ಬರುತ್ತದೆ. ನನ್ನ ಮಟ್ಟಿಗೆ ಆ ಆಲಿಸುವಿಕೆಯೇ ವಿಮೋಚನೆಯ ಗುರುತು. ನಿಜಾಮನ ಕೊನೆಯ ವರ್ಷಗಳಲ್ಲಿ ನಮ್ಮವರಿಗೆ ಸಿಗದೇ ಇದ್ದದ್ದು ಅದು.

ತೆಲಂಗಾಣದ ಹನ್ನೆರಡು ಜನರಿಗೆ ಗಲ್ಲು ಶಿಕ್ಷೆಯಾಗಿತ್ತು. ತಮಗೆ ವಕೀಲರನ್ನು ಇಟ್ಟುಕೊಳ್ಳುವ ಅವಕಾಶವನ್ನೇ ಸರಿಯಾಗಿ ಕೊಡಲಿಲ್ಲ ಎಂಬುದು ಅವರ ತಕರಾರು. ಇಂಗ್ಲೆಂಡಿನಿಂದ ಡಿ.ಎನ್. ಪ್ರಿಟ್ ಎಂಬ ಬ್ಯಾರಿಸ್ಟರ್ ಬಂದು ಅವರ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. 1951ರ ತೀರ್ಪಿನಲ್ಲಿ ಕೋರ್ಟು, ವಕೀಲರಿಲ್ಲದೆ ನಡೆಯಿತು ಎಂಬ ಒಂದೇ ಕಾರಣಕ್ಕೆ ವಿಚಾರಣೆ ಅನೂರ್ಜಿತವಾಗದು ಎಂದಿತು. ಸೋತರು. ಗಲ್ಲು ಶಿಕ್ಷೆ ಆಮೇಲೆ ಜೀವಾವಧಿಗೆ ಇಳಿಯಿತು, ಜೀವ ಉಳಿಯಿತು, ವಾದ ಮಾತ್ರ ಸೋತೇಹೋಯಿತು. 35 ವರ್ಷ ಕಳೆಯಿತು. 1986ರಲ್ಲಿ ಅರುಣಾಚಲದ ಸುಕ್ ದಾಸ್ ಎಂಬಾತನ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಬಡ ಆರೋಪಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ ಎಂದು ಹೇಳದೆಯೇ ನಡೆಸಿದ ವಿಚಾರಣೆ ನಿಲ್ಲದು ಎಂದು ಶಿಕ್ಷೆಯನ್ನು ರದ್ದು ಮಾಡಿತು. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಿಂದ ನೀವು ಇಂದು ನೇಮಕವಾಗಿ ಹೋಗುತ್ತೀರಲ್ಲ, ಅದರ ಬೇರು ಹುಡುಕುತ್ತ ಹೋದರೆ ಒಂದು ಎಳೆ ಆ ಸೋತ ವಾದಕ್ಕೂ ಸಿಗುತ್ತದೆ.

ತುರ್ತು ಪರಿಸ್ಥಿತಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಒಂದೇ ಎಳೆಯನ್ನು ಹಿಡಿಯುತ್ತೇನೆ. 1975ರ ಜೂನ್ 25ರ ರಾತ್ರಿ ಘೋಷಣೆಯಾಯಿತು. ಒಂದು ವಾರ ಕಳೆಯುವುದರೊಳಗೆ ಸುಗ್ರೀವಾಜ್ಞೆ ತಂದು, ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಬಿಡುವ ಮೀಸಾ ಕಾಯ್ದೆಗೆ 16ಎ ಎಂಬ ಹೊಸ ಕಲಮನ್ನು ಸೇರಿಸಿದರು. ಅದರ ಸಾರ: ಏಕೆ ಹಿಡಿದಿದ್ದೇವೆ ಎಂದು ಹಿಡಿಸಿಕೊಂಡವನಿಗೆ ಹೇಳಬೇಕಾಗಿಲ್ಲ. ಮತ್ತೊಮ್ಮೆ ಕಾಗದವೇ ಮೊದಲ ಬಲಿ. ನ್ಯಾಯಾಲಯ ತೆರೆದೇ ಇತ್ತು, ಅದರ ಮುಂದೆ ಇಡಲು ಕಾರಣದ ಚೀಟಿಯೇ ಇಲ್ಲದಂತೆ ಮಾಡಿದರು. ಆದರೂ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಕಾನೂನುಬದ್ಧವೇ ಪರಿಶೀಲಿಸಿ ಎಂದು ಕೇಳುವ ಅರ್ಜಿಗಳನ್ನು, ಒಂಬತ್ತು ಹೈಕೋರ್ಟುಗಳು ಸ್ವೀಕರಿಸಿದವು, ಕರ್ನಾಟಕದ್ದೂ ಅವುಗಳಲ್ಲಿ ಒಂದು. ಬೆಂಗಳೂರಿನಲ್ಲಿ ಬಂಧಿಸಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿಗಳು ಇಲ್ಲಿಯೇ ಬಂದಿದ್ದವು. ಅವರ ಪರ ಓಡಾಡುತ್ತಿದ್ದ ವಕೀಲ ರಾಮಾ ಜೋಯಿಸ್ ಅವರೇ ಮೀಸಾ ಬಂದಿಯಾಗಿ ಒಳಗೆ ಹೋದರು. ಇದೇ ಹೈಕೋರ್ಟಿನ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರಿಗೆ ಅಲಹಾಬಾದಿಗೆ ವರ್ಗವಾಯಿತು, ನ್ಯಾಯಮೂರ್ತಿ ಸದಾನಂದ ಸ್ವಾಮಿ ಅವರಿಗೆ ಗುವಾಹಟಿಗೆ.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಹೈಕೋರ್ಟುಗಳನ್ನೆಲ್ಲ ತಳ್ಳಿಹಾಕಿತು. ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ವಾದದ ನಡುವೆ ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದ ಪ್ರಶ್ನೆ ಪ್ರಸಿದ್ಧ: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೆ, ಆಗಲೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. ಆ ಉತ್ತರವನ್ನು ಸರ್ಕಾರದ ಬಾಯಿಂದಲೇ ತೆರೆದ ಕೋರ್ಟಿನಲ್ಲಿ ಹೊರಡಿಸಿದ್ದು ಖನ್ನಾ ಅವರ ಭಿನ್ನ ತೀರ್ಪಿನಷ್ಟೇ ದೊಡ್ಡ ಕೆಲಸ ಎಂದು ನಾನು ತಿಳಿಯುತ್ತೇನೆ. ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು, ರಾಜೀನಾಮೆ ಕೊಟ್ಟರು. 1978ರ 44ನೇ ತಿದ್ದುಪಡಿ ಬಂದು, ಎಂಥ ತುರ್ತು ಪರಿಸ್ಥಿತಿಯಲ್ಲಿಯೂ ಆರೋಪಿಗಳಿಗೂ ಜೀವ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಡುವ 20 ಮತ್ತು 21ನೇ ವಿಧಿಗಳನ್ನು ಅಮಾನತು ಮಾಡುವಂತಿಲ್ಲ ಎಂದಾಯಿತು. ಬಹುಮತದ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ 2017ರಲ್ಲಿ ಅಳಿಸಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಲವತ್ತೊಂದು ವರ್ಷ ಕಾದ ಕಡತ.

ನಮ್ಮಲ್ಲಿ ಚುನಾವಣೆ ಇದೆ, ಹೈಕೋರ್ಟ್ ಇದೆ, ಇರಾನಿನ ಮಾತು ನಮಗೇಕೆ ಎನ್ನುವವರು ಇರುತ್ತಾರೆ. ಇದೆ ಎಂಬುದಕ್ಕಾಗಿಯೇ ಹೇಳುತ್ತಿದ್ದೇನೆ. ಬೀದರಿನ ಒಂದು ಶಾಲೆಯಲ್ಲಿ 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಅದಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯೋಪಾಧ್ಯಾಯಿನಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದು, ಜಿಲ್ಲಾ ನ್ಯಾಯಾಲಯದ ಜಾಮೀನಿನ ಮೇಲೆ ಹೊರಗೆ ಬಂದರು. ಪೊಲೀಸರು ಶಾಲೆಗೆ ಹೋಗಿ ಮಕ್ಕಳನ್ನು ವಿಚಾರಿಸಿದರು. ಹೇಗೆ ವಿಚಾರಿಸಿದರು ಎಂಬುದು ಫೋಟೊಗಳ ರೂಪದಲ್ಲಿ ಹೈಕೋರ್ಟಿನ ಕಡತ ಸೇರಿತು. ಸಮವಸ್ತ್ರದಲ್ಲಿ, ಶಸ್ತ್ರ ಇಟ್ಟುಕೊಂಡು ಮಕ್ಕಳನ್ನು ಪ್ರಶ್ನಿಸಿದ್ದು ಬಾಲನ್ಯಾಯ ಕಾನೂನಿನ ಉಲ್ಲಂಘನೆ ಎಂದು ಹೈಕೋರ್ಟು 2021ರಲ್ಲಿ ಮೇಲ್ನೋಟಕ್ಕೆ ಕಂಡುಕೊಂಡಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಇಡೀ ಪ್ರಕರಣವನ್ನು ರದ್ದುಪಡಿಸಿತು. ನಾಟಕದಲ್ಲಿ ಪ್ರಧಾನಿಯ ಬಗ್ಗೆ ಆಡಿದ ಮಾತು ಬೇಜವಾಬ್ದಾರಿಯದು, ಆದರೆ ದೇಶದ್ರೋಹವಲ್ಲ ಎಂದಿತು. ಸುಮಾರು ಮೂರೂವರೆ ವರ್ಷ ಹಿಡಿಯಿತು. ನಮಗೆ 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಆಗದೇ ಇದ್ದಿದ್ದರೆ ಬೀದರಿನವರು ಈ ಅರ್ಜಿಯ ಒಂದೊಂದು ಹಿಯರಿಂಗಿಗೂ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು.

ಅದೇ 2020ರಲ್ಲಿ ಹುಬ್ಬಳ್ಳಿಯ ವಕೀಲರ ಸಂಘ, ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿತು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಹೈಕೋರ್ಟು ಮಧ್ಯೆ ಬಂದಿತು. ಇಂಥ ನಿರ್ಣಯಗಳಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ, ಮೊಹಮ್ಮದ್ ರಫಿ ಪ್ರಕರಣದಲ್ಲಿ, ಹೇಳಿಬಿಟ್ಟಿದೆ. ಮುಂಬೈ ದಾಳಿಯ ಕಸಬ್‌ಗೂ ಈ ದೇಶ ವಕೀಲರನ್ನು ಕೊಟ್ಟಿತು. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ತೆಹರಾನಿನಲ್ಲಿ ಸರ್ಕಾರ ಇಪ್ಪತ್ತು ಜನರ ಪಟ್ಟಿ ಮಾಡಿತು. ನಾವು ಬಾರ್ ರೂಮಿನಲ್ಲಿ ಚಹಾ ಕುಡಿಯುತ್ತ, ಕೈ ಎತ್ತಿ, ಸೊನ್ನೆ ಜನರ ಪಟ್ಟಿ ಮಾಡುತ್ತೇವೆ. ತಂಗಿ, ನಿಮ್ಮ ಸಂಘದಲ್ಲಿ ಅಂಥ ನಿರ್ಣಯ ಬಂದರೆ ಜಗಳಕ್ಕೆ ಇಳಿಯಬೇಡಿ, ನನ್ನ ಒಪ್ಪಿಗೆ ಇಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ ಬನ್ನಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ತಾಲ್ಲೂಕು ಕೋರ್ಟಿನಲ್ಲಿ ಇದೆಲ್ಲ ನಡೆಯುವುದು ರಿಮಾಂಡ್ ಹೊತ್ತಿನಲ್ಲಿ, ಅಂದರೆ ಬಂಧಿತನನ್ನು ಹಾಜರುಪಡಿಸಿ ಮುಂದೆಯೂ ಬಂಧನದಲ್ಲಿಡಲು ಪೊಲೀಸರು ಅನುಮತಿ ಕೇಳುವಾಗ, ಹೆಚ್ಚೆಂದರೆ ಐದು ನಿಮಿಷದಲ್ಲಿ. ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕರಣದಲ್ಲಿ, 2024ರಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಪ್ರಕರಣದಲ್ಲಿ ಹೇಳಿತು. 2025ರಲ್ಲಿ ಅದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದಿತು. 16ಎ ಕಲಮಿನಿಂದ ಇಲ್ಲಿಗೆ ಬರಲು ಅರ್ಧ ಶತಮಾನ ಬೇಕಾಯಿತು. ಹಾಗಾಗಿ ಮೊದಲು ಆ ಕಾಗದ ಕೇಳಿ. ಕೊಟ್ಟಿಲ್ಲವೆಂದರೆ ಕೊಟ್ಟಿಲ್ಲ ಎಂದು ಮೆಮೊ ಹಾಕಿ, ಮ್ಯಾಜಿಸ್ಟ್ರೇಟರು ದಿನದ ಆದೇಶ ಬರೆಯುವ ಆರ್ಡರ್ ಶೀಟಿನಲ್ಲಿ ನಮೂದಾಗುವವರೆಗೆ ಕದಲಬೇಡಿ. ದಸ್ತಗಿರಿ ಮೆಮೊದಲ್ಲಿ ಸಮಯವನ್ನು ತಿದ್ದಿದ್ದಾರೆಯೇ ನೋಡಿ. ಹಾಜರುಪಡಿಸಲು ಇಪ್ಪತ್ತನಾಲ್ಕು ಗಂಟೆಯಷ್ಟೇ ಇರುವುದರಿಂದ ಕಳ್ಳಾಟ ನಡೆಯುವುದು ಅಲ್ಲಿಯೇ. ದೋಷಾರೋಪ ಪಟ್ಟಿಯ ನಕಲು ಪುಕ್ಕಟೆಯಾಗಿ, ಆರೋಪಿ ಹಾಜರಾದ ಹದಿನಾಲ್ಕು ದಿನದೊಳಗೆ ಸಿಗಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಹದಿನೈದನೆಯ ದಿನ ಅದನ್ನೂ ಬರೆಸಿ. ಮ್ಯಾಜಿಸ್ಟ್ರೇಟರಿಗೆ ಬೇಸರವಾಗುತ್ತದೆ, ಆಗಲಿ.

ನನ್ನದೇ ಒಂದು ಕೇಸು ಹೇಳುತ್ತೇನೆ. ಬಹಳ ವರ್ಷಗಳ ಹಿಂದಿನದು. ದಾಲ್ ಮಿಲ್ಲಿನ ಹಮಾಲನೊಬ್ಬನನ್ನು ಕಳವಿನ ಆರೋಪದ ಮೇಲೆ ಒಂದು ಠಾಣೆಯವರು ಗುರುವಾರ ರಾತ್ರಿ ಮನೆಯಿಂದ ಎಬ್ಬಿಸಿಕೊಂಡು ಹೋದರು. ಕಾಗದದಲ್ಲಿ ಮಾತ್ರ ಶನಿವಾರ ಬೆಳಗಿನ ಜಾವ ಬಸ್ ನಿಲ್ದಾಣದ ಹತ್ತಿರ ಅನುಮಾನಾಸ್ಪದವಾಗಿ ಓಡುತ್ತಿದ್ದಾಗ ಹಿಡಿದೆವು ಎಂದಿತ್ತು. ಶನಿವಾರ ಮಧ್ಯಾಹ್ನ ಹಾಜರುಪಡಿಸಿದರು. ಪೊಲೀಸರಿಂದ ಏನಾದರೂ ತೊಂದರೆ ಆಯಿತೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಅವನು ಪಕ್ಕದಲ್ಲಿ ನಿಂತಿದ್ದ ಪೇದೆಯ ಬೂಟು ನೋಡಿ, ಇಲ್ಲ ಸಾಹೇಬರೇ ಎಂದ.

ಹೊರಗೆ ವರಾಂಡದಲ್ಲಿ ಅವನ ಹೆಂಡತಿ ಕೂತಿದ್ದಳು. ಶುಕ್ರವಾರ ಬೆಳಿಗ್ಗೆಯೇ ಊರಿನಿಂದ ಬಸ್ಸು ಹಿಡಿದು ಠಾಣೆಗೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟೆ ಎಂದಳು. ಸಾಕ್ಷಿ ಏನಿದೆ ತಾಯಿ ಎಂದೆ. ಸೆರಗಿನ ಗಂಟು ಬಿಚ್ಚಿ, ಎಲೆ ಅಡಿಕೆಯ ಜೊತೆ ಮುದುಡಿದ್ದ ಬಸ್ ಟಿಕೆಟ್ ತೆಗೆದಳು. ಶುಕ್ರವಾರದ ದಿನಾಂಕ, ಬೆಳಿಗ್ಗೆ 8 ಗಂಟೆ 10 ನಿಮಿಷ, ಮೆಷಿನ್ನಿನಲ್ಲಿ ಅಚ್ಚಾಗಿತ್ತು. ಗಂಡ ಶನಿವಾರ ಸಿಕ್ಕಿಬಿದ್ದಿದ್ದರೆ ಇವಳು ಶುಕ್ರವಾರ ಠಾಣೆಯ ದಾರಿ ಹಿಡಿದದ್ದು ಏಕೆ? ಅದನ್ನು ಮೆಮೊಗೆ ಪಿನ್ನು ಮಾಡಿ ಒಳಗೆ ಒಯ್ದೆ. ಮ್ಯಾಜಿಸ್ಟ್ರೇಟರು ಕನ್ನಡಕ ಹಣೆಗೆ ಏರಿಸಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆರ್ಡರ್ ಶೀಟಿನಲ್ಲಿ ಟಿಕೆಟಿನ ನಂಬರು, ದಿನಾಂಕ, ಸಮಯ ಎಲ್ಲ ಬರೆದು, ಹೆಂಡತಿಯ ಹೇಳಿಕೆಯ ಸಾರವನ್ನು ನಾಲ್ಕು ಸಾಲಿನಲ್ಲಿ ದಾಖಲಿಸಿ, ಆರೋಪಿಯನ್ನು ನ್ಯಾಯಾಂಗ ಬಂಧನಕ್ಕೆ ಕಳುಹಿಸಿದರು. ಅಂದು ನಾನು ಸೋತೆ ಎಂದೇ ಲೆಕ್ಕ.

ವಿಚಾರಣೆ ಬಂದದ್ದು ಆರು ವರ್ಷದ ಮೇಲೆ. ತನಿಖಾಧಿಕಾರಿಗೆ ಪಾಟೀಸವಾಲು ಹಾಕುತ್ತ, ಟಿಕೆಟ್ ತೋರಿಸೋಣವೆಂದು ಕಡತ ತೆರೆಸಿದೆ. ಪಿನ್ನು ಇತ್ತು, ತುಕ್ಕು ಹಿಡಿದಿತ್ತು. ಪಿನ್ನಿನಡಿ ಬಿಳಿ ಚೀಟಿ ಇತ್ತು. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಆ ಟಿಕೆಟಿನ ಅಚ್ಚು ಕಾಲ ಕಳೆದ ಹಾಗೆ ತಾನಾಗಿ ಹಾರಿಹೋಗುತ್ತದೆ. ಸರ್ಕಾರಿ ಅಭಿಯೋಜಕರು ನಕ್ಕರು. ಆಗ ಆರ್ಡರ್ ಶೀಟಿನ ಆ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿದೆ, ನೀಲಿ ಶಾಯಿಯಲ್ಲಿ, ನಂಬರು ಸಮೇತ. ಹಮಾಲ ಬಿಡುಗಡೆಯಾದ. ಪಂಚನಾಮೆಯಲ್ಲಿ ಇನ್ನೂ ಎರಡು ಮೂರು ಕೊರತೆ ಇದ್ದವು, ಟಿಕೆಟ್ ಒಂದರಿಂದಲೇ ಆಯಿತೆಂದು ಬೀಗುವುದಿಲ್ಲ.

ಅಂಥ ಟಿಕೆಟ್ ನಿಮ್ಮ ಕೈಗೆ ಬಂದರೆ ಅದೇ ದಿನ ಎರಡು ಜೆರಾಕ್ಸ್ ಮಾಡಿಸಿ, ಒಂದು ಕೋರ್ಟಿಗೆ, ಒಂದು ನಿಮ್ಮ ಫೈಲಿಗೆ. ಅಸಲನ್ನು ಕಿಟಕಿಯ ಹತ್ತಿರದ ಕಪಾಟಿನಲ್ಲಿ ಇಡಬೇಡಿ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಿರುವುದೇ.